ಸೋಮವಾರದ ಬಿಳಿ ಎಳೆ

ಬಲಗೈಯ ತೋರುಬೆರಳೇ ಇರಬೇಕು, ಎಡಗೈಯದೂ ಇದ್ದೀತು. ನೂಲು ಎಳೆದೆಳೆದು ಅದರ ತುದಿಯಲ್ಲಿ ಬ್ಲೇಡಿನಿಂದ ಗೀರಿದಂಥ ಗೆರೆ ಬಿದ್ದಿತ್ತು. ಅಪ್ಪನ ಅಕ್ಕ, ನಮ್ಮ ಅತ್ತೆ, ನನ್ನ ನೆನಪಿನಲ್ಲಿ ಉಳಿದಿರುವುದು ಹೀಗೆಯೇ. ಯಾವ ಕೈ ಎಂದು ಕೇಳಿದರೆ ತಡವರಿಸುತ್ತೇನೆ.

ಬೆಟಗೇರಿಯಲ್ಲಿ ನಲವತ್ತು ವರ್ಷ ಸೀರೆ ನೇಯ್ದವಳು. ನನ್ನನ್ನು ಸಾಕಿದವಳೂ ಅವಳೇ. ನೇಯ್ಗೆಯಲ್ಲಿ ತಪ್ಪಾದರೆ ಮುಚ್ಚಿಡುತ್ತಿರಲಿಲ್ಲ. "ತಪ್ಪು ಎಳಿ ಕಾಣ್ಲಿ ಬಿಡಲೇ, ಇಲ್ಲಾಂದ್ರ ಕೈ ಕಲಿಯಂಗಿಲ್ಲ" ಎನ್ನುತ್ತಿದ್ದಳು.

ಹೃದಯದ ಆಪರೇಷನ್ ಆಗಿ ಮನೆಗೆ ಬಂದಳು. ಮೂರು ತಿಂಗಳು ಮಗ್ಗ ಮುಟ್ಟುವಂತಿರಲಿಲ್ಲ. ಅದೊಂದೇ ಅವಳ ಸಂಕಟ. ಇಂಥ ಆಪರೇಷನ್ ಆದ ಮೇಲೆ ಎದೆಬಡಿತ ಲಯ ತಪ್ಪುವುದುಂಟು, ಅದನ್ನು ತಡೆಯುವುದಕ್ಕೆ ಈ ಸಣ್ಣ ಗುಳಿಗೆ, ಉಪವಾಸವಿದ್ದರೂ ಬಿಡಬಾರದು ಎಂದು ಬಿಡುಗಡೆಯ ದಿನ ಡಾಕ್ಟರು ನನಗೆ ಹೇಳಿದ್ದರು. ನಾನು ಅತ್ತೆಗೆ ಹೇಳಿದೆ: "ಮುಂಜಾನಿ ಉಂಡ ಮ್ಯಾಲೆ ಒಂದು, ರಾತ್ರಿ ಉಂಡ ಮ್ಯಾಲೆ ಒಂದು." ಇಷ್ಟು ಹೇಳಿದ್ದು ಖಚಿತ.

ಅವಳಿಗೆ ಓದು ಬರುತ್ತಿರಲಿಲ್ಲ. ಗುಳಿಗೆ ನುಂಗಿದಾಗಲೆಲ್ಲ ಮಗ್ಗದ ಮೊಳೆಗೆ ನೇತುಹಾಕಿದ ಹುರಿಗೆ ಒಂದು ಕೆಂಪು ಎಳೆ ಕಟ್ಟುವಳು. ನಡುನಡುವೆ ಒಂದೊಂದು ಬಿಳಿ ಎಳೆಯೂ ಕಾಣುತ್ತಿತ್ತು. ಚೆಂದಕ್ಕೆ ಕಟ್ಟಿದ್ದಾಳೆಂದು ತಿಳಿದಿದ್ದೆ.

ಮೂರನೆಯ ಸೋಮವಾರ ಸಂಜೆ ಕೂತಲ್ಲೇ ಬೆವತಳು. "ಎದ್ಯಾಗ ಮಗ್ಗದ ಲಾಳಿ ಸಿಕ್ಕೊಂಡಂಗ ಆಗೇತಿ ನೋಡೋ." ಕೈ ಹಿಡಿದೆ. ನಾಡಿ ನಾಲ್ಕು ಹೆಜ್ಜೆ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಆಟೋದಲ್ಲಿ ಗದಗಿನ ಆಸ್ಪತ್ರೆಗೆ ಒಯ್ದೆ.

"ಗುಳಗಿ ಬಿಟ್ಟೀರೇನಮ್ಮಾ?" ಎಂದರು ಅಲ್ಲಿಯ ಡಾಕ್ಟರು.

"ಬಿಟ್ಟಿಲ್ರಿ. ಸೋಮಾರ ಅಷ್ಟ ಇಲ್ಲ, ಅವತ್ತ ಉಪಾಸರಿ. ಉಂಡ ಮ್ಯಾಲೆ ಅಂದಾರ, ಉಣ್ಣದ ಹೆಂಗ ನುಂಗ್ಲಿ?"

ಬಿಳಿ ಎಳೆ ನನಗೆ ಆಗ ಅರ್ಥವಾಯಿತು.

ಡಾಕ್ಟರು ನನ್ನ ಕಡೆ ತಿರುಗಿದರು. "ಉಪಾಸ ಇದ್ರೂ ತಗೋಬೇಕಂತ ಹೇಳಿಲ್ಲೇನ್ರಿ ನೀವು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೂಗಿನ ಮೇಲಿನ ಮಾಸ್ಕ್ ಸರಿಸಿದಳು. "ಇಂವ ಹೇಳಿದ್ದರಿ. ನಾನ ಹಟಮಾರಿ, ಕೇಳ್ಲಿಲ್ಲ. ಹುಡುಗಗ ಬೈಬ್ಯಾಡ್ರಿ."

ಆ ಹುಡುಗನಿಗೆ ಆಗ ನಲವತ್ತೆಂಟು.

ಎರಡು ದಿನಕ್ಕೆ ಬಡಿತ ಹಾದಿಗೆ ಬಂತು. ಗುಳಿಗೆ ತಪ್ಪದಿದ್ದರೂ ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಅತ್ತೆ ಮಾತ್ರ ಮುಂದಿನ ಸೋಮವಾರದಿಂದ ಎರಡು ಹೊತ್ತೂ ಬಾಳೆಹಣ್ಣು ತಿಂದು ಗುಳಿಗೆ ನುಂಗತೊಡಗಿದಳು. "ಶಿವ ಏನೂ ಅನ್ನಂಗಿಲ್ಲ. ಡಾಕ್ಟರ ಅಂತಾನ."

ಮೂರು ತಿಂಗಳು ಮುಗಿದ ಮೇಲೆ ಮತ್ತೆ ಮಗ್ಗಕ್ಕೆ ಕೂತಳು. ಒಂದು ದಿನ ಧೈರ್ಯ ಮಾಡಿ ಕೇಳಿದೆ: "ಅತ್ತಿ, ಖರೆ ಹೇಳು. ಉಪಾಸದ ಮಾತು ನಾ ನಿನಗ ಹೇಳಿದ್ನೇನು?"

ತಲೆ ಎತ್ತಲಿಲ್ಲ. "ನೂಲು ಮುಗದೈತಿ. ಸುತ್ತಿಕೊಡು, ಜಲ್ದಿ" ಎಂದಳು. ಸುತ್ತಿಕೊಟ್ಟೆ.

ಹೋದ ವರ್ಷ ತೀರಿಕೊಂಡಳು. ಹುರಿ ಇನ್ನೂ ಆ ಮೊಳೆಯಲ್ಲೇ ಇದೆ. ಬಿಳಿ ಎಳೆ ಮೂರೇ. ಗುಳಿಗೆ ಕೈಗೆ ಕೊಟ್ಟ ಮುಂಜಾನೆಯನ್ನು ಎಷ್ಟೋ ಸಲ ನೆನಪಿಗೆ ತಂದುಕೊಂಡಿದ್ದೇನೆ. ಬಾಗಿಲು ಕಾಣುತ್ತದೆ, ಅವಳು ಚಾಚಿದ ಕೈ ಕಾಣುತ್ತದೆ. ಉಪವಾಸದ ಮಾತು ನಾನು ಅವಳಿಗೆ ಹೇಳಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.