ಎಡಕ್ಕೆ ಬಿಗಿಯುತ್ತಿದ್ದ ಕಾರು

ಹುಲಿಯಪ್ಪನನ್ನು ಮೊದಲು ಕಂಡ ದಿನ ಸರ್ವಮಂಗಳಮ್ಮನವರಿಗೆ ಕಾಣಿಸಿದ್ದು ಎರಡು ಪಾದಗಳು ಮಾತ್ರ. ಉಳಿದ ಮನುಷ್ಯ ಟೆಂಪೋ ಒಂದರ ಕೆಳಗಿದ್ದ. ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಅವನು ಹರಿಹರದ ರೈಲು ನಿಲ್ದಾಣದ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಸ್ಟೇರಿಂಗ್ ರಿಪೇರಿಯನ್ನೇ ಕಸುಬಾಗಿ ಹಿಡಿದಿದ್ದ. ದೆವ್ವ, ಗಾಳಿ ಎಂದರೆ ಹೊಟ್ಟೆ ಹಿಡಿದುಕೊಂಡು ನಗುವವನು.

"ಏನಾಗೈತ್ರಿ ಅಮ್ಮಾರೆ?" ಎಂದು ಕೆಳಗಿನಿಂದಲೇ ಕೇಳಿದ.

"ಎಡಕ್ಕೆ ತಿರುಗಿಸಿದ್ರೆ ಸ್ಟೇರಿಂಗ್ ಯಾರೋ ಹಿಡ್ಕೊಂಡಂಗಾಗ್ತೈತಪ್ಪ."

"ಹಿಡ್ಕಳ್ಳಾಕೆ ಒಳಗೆ ಯಾರು ಕುಂತಾರ್ರಿ?"

ಸರ್ವಮಂಗಳಮ್ಮ ನಗಲಿಲ್ಲ.

ಆ ಹಳೆಯ ಕಾರನ್ನು ಅವರ ಯಜಮಾನರು ಬಕ್ಕೇಶಪ್ಪನವರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಹರಿಹರದ ಹತ್ತಿರ ತಮ್ಮ ಹೊಲದ ದಾರಿಗೆ ಎಡಕ್ಕೆ ಹೊರಳಿಸುವಾಗಲೇ ಎದೆ ಹಿಡಿದುಕೊಂಡು ಸ್ಟೇರಿಂಗಿನ ಮೇಲೆ ಒರಗಿದರು, ಮತ್ತೆ ಏಳಲಿಲ್ಲ. ಜನ ಕೆಳಗಿಳಿಸಿದಾಗ ಕೊರಳಲ್ಲಿ ಶಿವದಾರವಿರಲಿಲ್ಲ, ಲಿಂಗವಿದ್ದ ಬೆಳ್ಳಿಯ ಕರಡಿಗೆಯೂ ಇರಲಿಲ್ಲ. ಹುಟ್ಟಿದಾಗ ಕಟ್ಟಿದ ಲಿಂಗವನ್ನು ಅಂಗೈಯಲ್ಲಿಡದೆ ಮಣ್ಣು ಮಾಡುವುದುಂಟೆ? ಎಷ್ಟು ಹುಡುಕಿದರೂ ಸಿಗದೆ, ಹೊತ್ತಾಯಿತೆಂದು ಅಯ್ಯನವರು ಮಠದಿಂದ ಬೇರೊಂದು ಲಿಂಗ ತಂದಿಟ್ಟರು. ಅವರದು ಅವರಿಗೆ ಸೇರಲಿಲ್ಲವಲ್ಲ ಎಂಬ ಕೊರಗು ಆಕೆಯನ್ನು ಬಿಡಲೇ ಇಲ್ಲ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯಿಂದ ಸೋಮವಾರ ಸೋಮವಾರ ತಾವೇ ಕಾರು ಓಡಿಸಿಕೊಂಡು ಹೊಲದ ಸಮಾಧಿಗೆ ಬರುತ್ತಿದ್ದರು. ಬರಬರುತ್ತಾ ಅದೇ ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಯಿತು. ಊರಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ್ದಾಯಿತು, ಬೆಲ್ಟ್ ಬದಲಿಸಿದ್ದಾಯಿತು, ಪಂಪೂ ಬದಲಾಯಿತು. "ಗುಜರಿಗೆ ಹಾಕಕ್ಕ, ಜೀವಕ್ಕೆ ಅಪಾಯ" ಎಂದು ತಮ್ಮ ನಾಗಭೂಷಣ್ ಹಟ ಹಿಡಿದ. ಕೊನೆಯ ಪ್ರಯತ್ನವೆಂದು ಅವರು ಹುಲಿಯಪ್ಪನ ಶೆಡ್ಡಿಗೆ ಬಂದ ದಿನದ ಮರುದಿನವೇ ಗುಜರಿಯವರು ಬರುವವರಿದ್ದರು. ಯಜಮಾನರು ಕಡೆಯ ಉಸಿರು ಬಿಟ್ಟ ಜಾಗವೂ ಕೈತಪ್ಪಿದರೆ ಇನ್ನು ಹುಡುಕುವುದಾದರೂ ಎಲ್ಲಿ?

ಹುಲಿಯಪ್ಪ ಮುಂದಿನ ಗಾಲಿಗಳನ್ನು ಜಾಕಿಯ ಮೇಲೆತ್ತಿದ. "ಸ್ಟೇರಿಂಗ್ ಹಿಡ್ಕಂಡು ಕೂಡ್ರಿ. ಈಗ ತಿರುಗಿಸ್ರಿ." ಗಾಲಿ ನೆಲ ಬಿಟ್ಟಿದ್ದರೂ ಬಿಗಿ ಹಾಗೇ ಇತ್ತು. ಅಂದರೆ ಟಯರಿನ ತಪ್ಪಲ್ಲ. ಮೇಲಿಂದ ಬರುವ ಸ್ಟೇರಿಂಗ್ ರಾಡನ್ನು ಕೆಳಗೆ ಕಳಚಿ, ಗಾಲಿಗಳನ್ನು ಕೈಯಿಂದ ಆಡಿಸಿದ. ಸಲೀಸಾಗಿ ಆಡಿದವು.

"ಕೆಳಗೆಲ್ಲ ಚಲೋ ಐತ್ರಿ. ಹಿಡ್ಕೊಂಡಿರೋದು ನಿಮ್ಮ ಕೈಗೂ ನನ್ನ ಕೈಗೂ ನಡುವೆ ಐತೆ."

ಮಟಮಟ ಮಧ್ಯಾಹ್ನ. ಶೆಡ್ಡಿನಲ್ಲಿ ಸದ್ದಿಲ್ಲ. ಕಿಟಕಿಗಳೆಲ್ಲ ತೆರೆದಿದ್ದರೂ ಕಾರಿನೊಳಗೆ ವಿಭೂತಿಯ ವಾಸನೆ ಸಣ್ಣಗೆ ಏಳತೊಡಗಿತು. ಸರ್ವಮಂಗಳಮ್ಮ ಹಿಂದಿನ ಸೀಟಿನತ್ತ ತಿರುಗಿ ನೋಡಿದರು.

ಹುಲಿಯಪ್ಪ ಕಾಲಡಿಯ ಮ್ಯಾಟನ್ನು ಎತ್ತಿದ. ರಾಡು ನೆಲದೊಳಗೆ ಇಳಿಯುವಲ್ಲಿ ರಬ್ಬರ್ ಮುಚ್ಚಳ ಹರಿದಿತ್ತು. ಒಳಗೆ ಕೈ ಹಾಕಿದವನ ಮುಖದ ನಗೆ ಅಲ್ಲಿಗೇ ನಿಂತಿತು.

"ಅಮ್ಮಾರೆ, ಇಲ್ಲೊಂದು ದಾರ ಐತ್ರಿ."

ಗ್ರೀಸಿನಲ್ಲಿ ಕರ್ರಗಾದ ಶಿವದಾರ ರಾಡಿನ ಕೀಲಿಗೆ ಸುತ್ತಿ ಸುತ್ತಿ ಬಿಗಿದಿತ್ತು. ಯಜಮಾನರು ಒರಗಿದಾಗ ಕೊರಳಿಂದ ಜಾರಿ ಆ ಹರಕಿನೊಳಗೆ ಬಿದ್ದಿರಬೇಕು; ಪ್ರತಿ ತಿರುವಿಗೂ ಅದು ಬೆಳ್ಳಿ ಕರಡಿಗೆಯನ್ನು ಕೀಲಿನ ಸಂದಿಗೆ ಇನ್ನಷ್ಟು ಎಳೆದುಕೊಂಡಿತ್ತು.

"ನಾ ಮುಟ್ಟಬೋದೇನ್ರಿ?"

"ಮುಟ್ಟಪ್ಪ. ಅವರನ್ನ ಬಿಡಿಸು."

ದಾರ ಕತ್ತರಿಸಿ, ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನು ಮೇಲೆದ್ದ. ಆಗ ಸರ್ವಮಂಗಳಮ್ಮನವರ ಸಡಿಲ ಬೆರಳುಗಳ ಕೆಳಗೆ ಸ್ಟೇರಿಂಗ್ ತಾನಾಗಿಯೇ ಮೆಲ್ಲಗೆ ಎಡಕ್ಕೆ ಹೊರಳಿ ನಿಂತಿತು.

"ಬಿಗಿ ಬಿಟ್ಟಾಗ ಹಂಗಾಗ್ತೈತ್ರಿ" ಎಂದ ಹುಲಿಯಪ್ಪ. ಆದರೆ ಸ್ಟೇರಿಂಗಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಹುಲಿಯಪ್ಪ ಎಲ್ಲವನ್ನೂ ಜೋಡಿಸಿಕೊಟ್ಟ ಮೇಲೆ, ಅಂದೇ ಸಂಜೆ ಅಯ್ಯನವರು ಸಮಾಧಿಯ ತಲೆಭಾಗದಲ್ಲಿ ಮೊಳದುದ್ದ ಮಣ್ಣು ಬಗೆಸಿ ಲಿಂಗವನ್ನಿಟ್ಟರು. ಗುಜರಿಯವರು ಮರುದಿನ ಬರಿಗೈಯಲ್ಲಿ ಹೋದರು. ಈಗ ಆ ತಿರುವಿಗೆ ಒಂದು ಬೆರಳು ಸಾಕು.

ಹುಲಿಯಪ್ಪ ಇಂದಿಗೂ ಅದೇ ಶೆಡ್ಡಿನಲ್ಲಿದ್ದಾನೆ. ದೆವ್ವದ ಮಾತಿಗೆ ಈಗಲೂ ನಗುತ್ತಾನೆ. ಆದರೆ ಹಳೆಯ ಕಾರು ಬಂದರೆ ಮೊದಲು ಅದು ಯಾರದಿತ್ತೆಂದು ಕೇಳುತ್ತಾನೆ. ತೀರಿಕೊಂಡವರದಾದರೆ ಬಾಗಿಲು ತೆರೆದು, ಖಾಲಿ ಸೀಟಿನ ಕಡೆಗೆ ಬಾಗಿ, "ಯಜಮಾನ್ರೆ, ಒಂಚೂರು ಕೈ ಬಿಡ್ರಿ" ಎನ್ನುತ್ತಾನೆ. ತುಸು ಹೊತ್ತು ಕಾಯುತ್ತಾನೆ. ಆಮೇಲೆಯೇ ಕಾರಿನಡಿಗೆ ನುಸುಳುತ್ತಾನೆ.