ಮಗ್ಗದ ಮನೆಯ ಹಾರ್ಡ್ ಡಿಸ್ಕ್

ಕಂಪ್ಯೂಟರ್ ಬಿಚ್ಚುವುದನ್ನು ನನಗೆ ಯಾರೂ ಕಲಿಸಲಿಲ್ಲ. ಚಳ್ಳಕೆರೆಯಲ್ಲಿ ಅಪ್ಪನ ಎಣ್ಣೆ ಅಂಗಡಿಯ ಹಳೇ ಕಂಪ್ಯೂಟರನ್ನು ಮೂರು ಸಲ ಬಿಚ್ಚಿ, ಎರಡು ಸಲ ಕೆಡಿಸಿ, ಮೂರನೇ ಸಲ ಸರಿಮಾಡಿ ಕಲಿತೆ. ಹಾಗಾಗಿ ಮೊಳಕಾಲ್ಮುರಿನ ಗೆಳತಿ ಫೋನ್ ಮಾಡಿ, "ನಮ್ ತಾತನ್ ಕಂಪ್ಯೂಟರ್ ಟಕ್ ಟಕ್ ಅಂತೈತೆ ಕಣೇ, ಬರ್ತೀಯಾ?" ಅಂದಾಗ, ಇದ್ದದ್ದನ್ನೆಲ್ಲ ಕಾಪಿ ಮಾಡಿಕೊಳ್ಳಲು ಒಂದು ಹೊಸ ಎಸ್‌ಎಸ್‌ಡಿ, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿಬಿಟ್ಟೆ.

ಅವರ ಮನೆಯಲ್ಲಿ ಮೂರು ರೇಷ್ಮೆ ಮಗ್ಗ, ಮನೆಮಾತು ತೆಲುಗು. ಸೀರೆಯ ಅಂಚು, ಸೆರಗಿನ ಡಿಸೈನ್ ಬರೆಯುವವರು ತಾತ. ಮೊದಲು ಗ್ರಾಫ್ ಹಾಳೆಯಲ್ಲಿ ಬರೆಯುತ್ತಿದ್ದರಂತೆ, ಆಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿದರು. ಹಾಳೆಗಳನ್ನು ಗೆದ್ದಲು ತಿಂದಿತು. ಈಗ ತಾತನ ಕೈ ನಡುಗುತ್ತದೆ, ಮತ್ತೆ ಬರೆಯುವ ಮಾತಿಲ್ಲ. ಅಂದರೆ ಅವರ ಇಷ್ಟು ವರ್ಷದ ಕೆಲಸವೆಲ್ಲ ಟಕ್ ಟಕ್ ಅನ್ನುತ್ತಿದ್ದ ಆ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು.

ಕ್ಯಾಬಿನೆಟ್ಟಿನ ಬಾಗಿಲು ತೆಗೆದೆ. ಡಿಸ್ಕಿಗೆ ಒಂದು ಸ್ಕ್ರೂ ಕೂಡ ಇರಲಿಲ್ಲ. ಹಕ್ಕಿಗೂಡಿನಂಥ ಬಣ್ಣಬಣ್ಣದ ರೇಷ್ಮೆ ಎಳೆಗಳ ಮುದ್ದೆಯೊಳಗೆ ಮಲಗಿತ್ತು!

"ತಾತ, ಇದೇನ್ರೀ ಇದು?"

"ಕತ್ತರ್ಸಿ ಬಿಟ್ಟಿದ್ ಎಳೆ ಅಮ್ಮಾಯಿ. ನಾನೇ ತುರ್ಕಿದ್ದು. ಮೆತ್ತಗಿರ್ಲಿ ಅಂತ."

"ಡಿಸ್ಕು ಬಾಣಂತೀನಾ ತಾತ, ಹಿಂಗೆ ಬೆಚ್ಚಗೆ ಮಲಗ್ಸೋಕೆ? ಒಳಗೇ ಬೆಂದೋಗೈತೆ ನೋಡ್ರಿ," ಎಂದು ನಾನು ನಕ್ಕೆ. ಗೆಳತಿಯೂ ನಕ್ಕಳು. ತಾತ ಮಾತ್ರ ನಗಲಿಲ್ಲ.

ಎಳೆಗಳನ್ನೆಲ್ಲ ಕಿತ್ತುಹಾಕಿ, ಧೂಳು ಒರೆಸಿ, ಡಿಸ್ಕನ್ನು ಅದರ ಜಾಗಕ್ಕೆ ತಳ್ಳಿ ನಾಲ್ಕೂ ಕಡೆ ಸ್ಕ್ರೂ ಬಿಗಿದೆ. ಪಕ್ಕದಲ್ಲಿ ಎಸ್‌ಎಸ್‌ಡಿ ಕೂರಿಸಿದೆ. ಹಾರ್ಡ್ ಡಿಸ್ಕಿಗೆ ದಪ್ಪ ಥ್ರೆಡ್ಡಿನ ಸ್ಕ್ರೂ, ಎಸ್‌ಎಸ್‌ಡಿಗೆ ಸಣ್ಣ ಥ್ರೆಡ್ಡಿನದು. ಅಪ್ಪನ ಕಂಪ್ಯೂಟರಿನಲ್ಲಿ ಅದಲುಬದಲು ಮಾಡಿ ಥ್ರೆಡ್ ಕೆಡಿಸಿದ್ದರಿಂದ, ಈ ಸಲ ಎರಡು ಬಾಟಲಿ ಮುಚ್ಚಳದಲ್ಲಿ ಬೇರೆಬೇರೆ ಇಟ್ಟುಕೊಂಡಿದ್ದೆ. ಆನ್ ಮಾಡಿದರೆ ಟಕ್ ಟಕ್ ಇಲ್ಲ. ಡಿಸೈನುಗಳು ಹಳೆಯದರಿಂದ ಹೊಸದಕ್ಕೆ ಕಾಪಿ ಆಗತೊಡಗಿದವು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಊಟ ಮುಗಿಸಿ ಎಲ್ಲರೂ ಮಗ್ಗಕ್ಕಿಳಿದರು. ಮೂರು ಮಗ್ಗ ಒಟ್ಟಿಗೆ ಬಡಿಯತೊಡಗಿದ ಕೂಡಲೇ ಡಿಸ್ಕು ಟಕ್ ಟಕ್ ಅಂದಿತು. ಕಾಪಿ ಅರ್ಧಕ್ಕೆ ನಿಂತಿತು.

"ನಿಲ್ಲಸ್ರೀ! ಮಗ್ಗ ನಿಲ್ಲಸ್ರೀ!" ಎಂದು ಕೂಗಿದೆ.

ಮಗ್ಗ ನಿಂತಿತು. ಡಿಸ್ಕು ಸುಮ್ಮನಾಯಿತು. ತಾತ ಕಂಪ್ಯೂಟರ್ ಇಟ್ಟಿದ್ದ ಹಲಗೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಅದರ ಇನ್ನೊಂದು ತುದಿಯನ್ನು ಮೊಳೆ ಹೊಡೆದು ಕೂರಿಸಿದ್ದು ಮಗ್ಗದ ಕಂಬಕ್ಕೆ. ಪ್ರತಿ ಬಡಿತವೂ ಹಲಗೆ ಹಿಡಿದು, ಕ್ಯಾಬಿನೆಟ್ ಹಿಡಿದು, ನಾನು ಬಿಗಿದ ಸ್ಕ್ರೂ ಹಿಡಿದು ನೇರ ಡಿಸ್ಕಿಗೇ ಹೋಗುತ್ತಿತ್ತು.

"ಈಗ ಗೊತ್ತಾತಾ, ಬಾಣಂತಿಗೆ ಹಾಸ್ಗೆ ಯಾಕೆ ಹಾಕಿದ್ದೆ ಅಂತ?"

ನನಗೆ ನಾಚಿಕೆಯಾಯಿತು. ತಾತ ಅರ್ಧ ಸರಿ ಮಾಡಿದ್ದರು, ನಾನು ಇನ್ನರ್ಧ. ಡಿಸ್ಕಿಗೆ ಗಾಳಿಯೂ ಬೇಕು, ಮೆತ್ತಗೂ ಬೇಕು. ಕಂಪ್ಯೂಟರನ್ನು ಬೇರೆ ಕಡೆ ಇಡೋಣವೆಂದರೆ ಆ ಮನೆಯಲ್ಲಿ ಮಗ್ಗ ಅದುರಿಸದ ಜಾಗವೇ ಇಲ್ಲ.

"ಹಳೇ ಸೈಕಲ್ ಟ್ಯೂಬ್ ಐತೇನ್ರಿ ತಾತ?"

ಇತ್ತು. ಕತ್ತರಿಸಿ ಎಂಟು ಬಿಲ್ಲೆ ಮಾಡಿದೆ. ಒಂದೊಂದು ಸ್ಕ್ರೂಗೂ ಎರಡು: ಡಿಸ್ಕಿಗೂ ಕ್ಯಾಬಿನೆಟ್ಟಿನ ತಗಡಿಗೂ ನಡುವೆ ಒಂದು, ತಗಡಿಗೂ ಸ್ಕ್ರೂ ತಲೆಗೂ ನಡುವೆ ಒಂದು. ಸ್ಕ್ರೂ ಕಚ್ಚುವಷ್ಟು ಬಿಗಿದೆ, ರಬ್ಬರು ಚಪ್ಪಟೆಯಾಗುವಷ್ಟು ಬಿಗಿಯಲಿಲ್ಲ. ಆದರೂ ಕಾಪಿ ಮುಗಿಯುವ ತನಕ ಮಗ್ಗ ಆಡಿಸಬೇಡಿ ಎಂದೆ. ಗೆಳತಿಯ ಅಮ್ಮ ಮಗ್ಗದ ಗುಂಡಿಯಲ್ಲೇ ಕೂತು, "ನಿನ್ನಿಂದ ನಮಗೂ ರಜಾ ಸಿಕ್ತು ಬಿಡಮ್ಮ," ಎಂದರು. ಎಲ್ಲರೂ ಪರದೆಯ ಮೇಲಿನ ಹಸಿರು ಪಟ್ಟಿಯನ್ನೇ ನೋಡುತ್ತಾ ಕೂತೆವು. ತುಂಬಿತು. ಒಂದೂ ಬಿಡದೆ ಬಂದಿದ್ದವು.

ತಾತ ಮಗ್ಗದ ಕಡೆ ಕೈ ಎತ್ತಿದರು. ಮೂರೂ ಮಗ್ಗ ಶುರುವಾದವು. ಹಲಗೆ ಅದುರಿತು, ಕ್ಯಾಬಿನೆಟ್ ಅದುರಿತು. ಡಿಸ್ಕಿನ ಮೇಲೆ ಬೆರಳಿಟ್ಟೆ. ಸಣ್ಣಗೆ ತಿರುಗುತ್ತಿರುವುದಷ್ಟೇ ಗೊತ್ತಾಯಿತು. ಹಳೆಯ ಡಿಸ್ಕಿನಿಂದಲೇ ಒಂದು ಸೆರಗು ತೆರೆದೆ. ತಟ್ಟನೆ ತೆರೆದುಕೊಂಡಿತು. ತಾತ ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಡಿಸೈನಿನ ಚೌಕಗಳನ್ನು ಎಣಿಸಿದರು.

"ಇಲ್ಲಿ ಒಂದೆಳೆ ಜಾಸ್ತಿ ಹಾಕಿದೀನಿ. ತೆಗೀಲೇ ಪಾಪ," ಎಂದು ಮೊಮ್ಮಗಳಿಗೆ ಹೇಳಿದರು. ಅವಳು ತೆಗೆದು, ಹಳೆಯದರಲ್ಲೂ ಹೊಸದರಲ್ಲೂ ಸೇವ್ ಮಾಡಿದಳು.

ಆ ಹೊತ್ತಿಗೆ ಪಕ್ಕದ ಮನೆಯ ನೇಕಾರರು ಬಾಗಿಲಲ್ಲಿ ಇಣುಕಿ, "ಚಳ್ಳಕೆರೆಯಿಂದ ಮೆಕ್ಯಾನಿಕ್ ಬರ್ತಾನೆ ಅಂದ್ರಲ್ಲ, ಬಂದ್ನಾ?" ಎಂದು ಕೇಳಿದರು.

ತಾತ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮೆಕ್ಯಾನಿಕ್ ಯಾತಕ್ಕೆ? ಮಾ ಅಮ್ಮಾಯೇ ಬಿಗಿಂಚಿಂದಿ," ಎಂದರು.

ನಮ್ಮ ಹುಡುಗಿಯೇ ಬಿಗಿದಳು. ಅಷ್ಟು ತೆಲುಗು ನನಗೂ ಬರುತ್ತದೆ.