ಮಾರ್ಟಿನ್ ಕೇಳಿದ ಪಟಾಕಿ

ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿ ಮನೆ ಹಿಡಿದ ಮೊದಲ ಡಿಸೆಂಬರ್‌ನಲ್ಲಿ ಪಕ್ಕದ ಮನೆಯ ಮಾರ್ಟಿನ್ ನನ್ನನ್ನು ಕ್ರಿಸ್‌ಮಸ್ ಊಟಕ್ಕೆ ಕರೆದರು. ಏನು ತರಲಿ ಅಂದೆ. "ತರಲೇಬೇಕು ಅಂದ್ರೆ ಒಂದು ಬಾಕ್ಸ್ ಕ್ರ್ಯಾಕರ್ಸ್ ತಗೊಂಡು ಬಾ" ಅಂದರು.

ಬೆಂಗಳೂರಿನವನಿಗೆ ಕ್ರ್ಯಾಕರ್ಸ್ ಅಂದರೆ ಪಟಾಕಿ. ಇಲ್ಲಿ ಪಟಾಕಿ ಹೊಡೆದರೆ ಕೇಸಾಗುತ್ತೆ ಅಂತ ದೀಪಾವಳಿಯಲ್ಲೇ ಗೆಳೆಯರು ಹೆದರಿಸಿದ್ದರು. ಮೇಲಾಗಿ ಮಾರ್ಟಿನ್ ರಿಟೈರ್ಡ್ ಪೊಲೀಸ್. ಈ ಪುಣ್ಯಾತ್ಮರು ನನ್ನನ್ನು ಪರೀಕ್ಷೆ ಮಾಡ್ತಿದ್ದಾರಾ?

ಎರಡು ದಿನ ತಡೆದು, ಮೂರನೇ ದಿನ ಅವರ ಬಾಗಿಲು ತಟ್ಟಿದೆ. "ಸರ್, ತಪ್ಪು ತಿಳ್ಕೋಬೇಡಿ. ಕೇಕ್ ತರ್ತೀನಿ, ವೈನ್ ತರ್ತೀನಿ. ಕ್ರ್ಯಾಕರ್ಸ್ ಮಾತ್ರ ಆಗಲ್ಲ. ನನ್ನ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹೋಗಿದೆ."

ಮಾರ್ಟಿನ್‌ಗೆ ತಲೆಬುಡ ಅರ್ಥವಾಗಲಿಲ್ಲ. ನಾನು ಬಾಯಲ್ಲೇ ಢಂ ಅನ್ನಿಸಿ ತೋರಿಸಿದ ಮೇಲೆ ಬಾಗಿಲು ಹಿಡಿದುಕೊಂಡು ನಕ್ಕರು. ಇಲ್ಲಿಯ ಕ್ರ್ಯಾಕರ್ ಅಂದರೆ ಬಣ್ಣದ ಕಾಗದದ ಕೊಳವೆಯಂತೆ. ಊಟಕ್ಕೆ ಕೂತಾಗ ಇಬ್ಬರು ಎರಡು ತುದಿ ಹಿಡಿದು ಎಳೆಯಬೇಕಂತೆ. "ಯೋಚ್ನೆ ಮಾಡ್ಬೇಡ, ಯು ಆರ್ ಗ್ರ್ಯಾಂಡ್" ಅಂದರು, ಏನೂ ಪರವಾಗಿಲ್ಲ ಅನ್ನೋ ಅರ್ಥದಲ್ಲಿ.

ಹಬ್ಬದ ದಿನ ಅವರೊಂದು ತುದಿ, ನಾನೊಂದು ತುದಿ ಹಿಡಿದು ಎಳೆದೆವು. ಟಪ್ ಅಂತು. ಅಷ್ಟೇ! ನಮ್ಮ ಬೀದಿಯ ಮಕ್ಕಳಾಗಿದ್ದರೆ ಠುಸ್ ಪಟಾಕಿ ಅಂತ ಮೋರಿಗೆ ಎಸೆಯುತ್ತಿದ್ದರು. ಒಳಗಿದ್ದ ಕಾಗದದ ಕಿರೀಟವನ್ನು ಮಾರ್ಟಿನ್ ನನ್ನ ತಲೆಗಿಟ್ಟು, ಹೆಗಲ ಮೇಲೆ ಕೈಯಿಟ್ಟು, ಪೊಲೀಸ್ ದನಿಯಲ್ಲಿ ಕೇಳಿದರು: "ಎಲ್ಲಿ, ಪರ್ಮಿಟ್ ತೋರಿಸು."

ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಕೈ ಆಗಲೇ ಜೇಬಿಗೆ ಹೋಗಿಬಿಟ್ಟಿತ್ತು.